ಟಿಂಬರ್ ಮಾರ್ಕೆಟ್ ಹಿಂದಿನ ಬೋರ್ಡಿಲ್ಲದ ಗ್ಯಾರೇಜು

ಎಡ ಮಂಡಿ ನೋವು ಅಂತ ಹಡಪ್ಸರದಲ್ಲಿ ಡಾಕ್ಟರ್ ಹತ್ತಿರ ಹೋಗಿದ್ದೆ. "ಮೆಟ್ಟಿಲು ಜಾಸ್ತಿ ಹತ್ತುತ್ತೀರಾ?" ಅಂತ ಕೇಳಿದರು. ಇಲ್ಲ, ವಿಲ್ಲಿಸ್ ಓಡಿಸುತ್ತೇನೆ ಅಂದೆ. ಅವರು ಅದನ್ನು ಯಾವುದೋ ಹೊಸ ಜಿಮ್ ಮಷೀನು ಅಂದುಕೊಂಡರೋ ಏನೋ, ಒಂದು ತಿಂಗಳು ಬಿಡಿ ಅಂದರು. ಬಿಡಲಿಲ್ಲ. ನೋವು ಇದ್ದದ್ದು ಮಂಡಿಯಲ್ಲೇ ಆದರೂ ರೋಗ ಇದ್ದದ್ದು ಕ್ಲಚ್ಚಿನಲ್ಲಿ ಅಂತ ತಿಳಿಯಲು ನನಗೆ ಎರಡು ಗ್ಯಾರೇಜು ಬೇಕಾದವು. ಮೊದಲನೆಯದರ ಹೆಸರು ಹೇಳುವುದಿಲ್ಲ. ಎರಡನೆಯದಕ್ಕೆ ಹೆಸರೇ ಇಲ್ಲ.

ಗಾಡಿಯ ಬಗ್ಗೆ ಸ್ವಲ್ಪ ಹೇಳಬೇಕು. 1955ರ ವಿಲ್ಲಿಸ್ ಪಿಕಪ್, ಫೋರ್ ವೀಲ್ ಡ್ರೈವ್. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು, ಮೂರು ಗೇರು. ನಿಪ್ಪಾಣಿಯಲ್ಲಿ ಅಪ್ಪ ಇದರಲ್ಲಿ ತಂಬಾಕಿನ ಬೋದು, ಅಂದರೆ ದೊಡ್ಡ ಮೂಟೆ, ಹೇರುತ್ತಿದ್ದರು. ಚಿಕ್ಕವಳಿದ್ದಾಗ ಹಿಂದೆ ಕೂತರೆ ಸೀನು ತಡೆಯಲು ಆಗುತ್ತಿರಲಿಲ್ಲ. ಇವತ್ತಿಗೂ ಮಳೆಗಾಲದಲ್ಲಿ ಹಿಂದಿನ ಹಲಗೆಯಿಂದ ಆ ವಾಸನೆ ಏಳುತ್ತದೆ, ಅಥವಾ ಹಾಗೆ ನನಗೆ ಮಾತ್ರ ಅನಿಸುತ್ತದೆ. ಅಪ್ಪ ಹೋದ ಮೇಲೆ ಅಣ್ಣ ಗುಜರಿಗೆ ಹಾಕೋಣ ಅಂದ. ನಾನು ಪುಣೆಗೆ ತಂದೆ. ಕಾಗಲ್, ಕೊಲ್ಹಾಪುರ, ಸಾತಾರಾ ದಾಟಿ ಇಲ್ಲಿಗೆ ಬರಲು ಒಂದು ಇಡೀ ದಿನ ಹಿಡಿಯಿತು. ಈಗ ಭಾನುವಾರ ಬೆಳಿಗ್ಗೆ ಹೊರಗೆ ತೆಗೆಯುತ್ತೇನೆ. ನನ್ನ ಗಂಡನಿಗೆ ಸೈಕಲ್ ಬಿಟ್ಟು ಬೇರೆ ಏನೂ ಓಡಿಸಲು ಬರುವುದಿಲ್ಲ. ಪಕ್ಕದಲ್ಲಿ ಕೂತು ದಾರಿಹೋಕರಿಗೆ ಕೈ ಬೀಸುವುದು ಅವರ ಕೆಲಸ.

ಮಹೀಂದ್ರಾದವರು 1940ರ ದಶಕದ ಕೊನೆಯಲ್ಲೇ ಮುಂಬೈಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿದ್ದರಿಂದ, ಅದೇ ಮನೆತನದ ಜೀಪುಗಳು ಆಮೇಲೂ ದಶಕಗಟ್ಟಲೆ ಬಂದಿದ್ದರಿಂದ, ಇದರ ಸಾಮಾನು ನಮ್ಮ ಕಡೆ ಹೇಗೋ ಸಿಗುತ್ತದೆ. ಸಾಮಾನು ಸಿಗುವುದು ಕಷ್ಟವಲ್ಲ. ಬಿಚ್ಚುವ ಮೊದಲು ಯೋಚನೆ ಮಾಡುವ ಮನುಷ್ಯ ಸಿಗುವುದು ಕಷ್ಟ.

ಶುರುವಾದದ್ದು ಹೀಗೆ. ನಿಂತ ಗಾಡಿಯಲ್ಲಿ ಫಸ್ಟ್ ಹಾಕಿದರೆ ಕರ್ರ್ ಅನ್ನುವುದು. ರಿವರ್ಸಿಗೆ ಇನ್ನೂ ಜೋರು. ಪೆಡಲ್ಲು ಕಲ್ಲಿನ ಹಾಗೆ ಗಟ್ಟಿ, ಅದೂ ಮೇಲಿನ ಅರ್ಧದಲ್ಲಿ ಏನೂ ಕೆಲಸ ಮಾಡುತ್ತಿರಲಿಲ್ಲ, ಕೆಳಗಿನ ಅರ್ಧದಲ್ಲೇ ಎಲ್ಲ. ಮಗರಪಟ್ಟಾ ಸಿಗ್ನಲ್ಲಿನಲ್ಲಿ ನಾಲ್ಕು ಸಲ ನಿಂತರೆ ಮಂಡಿ ನಡುಗುತ್ತಿತ್ತು.

ಮನೆ ಹತ್ತಿರದ ಗ್ಯಾರೇಜಿಗೆ ಹೋದೆ. ಅಲ್ಲಿಯ ಹುಡುಗ ನನ್ನ ಗಂಡನನ್ನು ನೋಡಿ "ಸರ್, ಏನು ಪ್ರಾಬ್ಲಂ?" ಅಂದ. ಗಂಡ ನನ್ನ ಕಡೆ ಕೈ ತೋರಿಸಿದರು. ನಾನು ಹೇಳಿದೆ. ಆತ ಮತ್ತೆ ಗಂಡನಿಗೇ ಉತ್ತರ ಕೊಟ್ಟ. ಗಾಡಿಯ ಕೆಳಗೆ ಹತ್ತು ನಿಮಿಷ ಇದ್ದ. ಕ್ಲಚ್ ರಾಡಿನ ನಟ್ಟು ತಿರುಗಿಸಿ ರಾಡನ್ನು ಗಿಡ್ಡ ಮಾಡಿದ, ಪೆಡಲ್ಲಿನ ಸಡಿಲ ಪೂರ್ತಿ ಹೋಯಿತು, 600 ರೂಪಾಯಿ ತೆಗೆದುಕೊಂಡ. ಗೇರು ಬೆಣ್ಣೆಯ ಹಾಗೆ ಬೀಳತೊಡಗಿತು. ಎಷ್ಟು ಖುಷಿಯಾಯಿತು ಅಂದರೆ ನಾನೇ ನಾಲ್ಕು ಜನಕ್ಕೆ ಆ ಗ್ಯಾರೇಜಿನ ಹೆಸರು ಹೇಳಿದೆ. ಆ ನಾಲ್ಕು ಜನರ ಕ್ಷಮೆ ಕೇಳುತ್ತೇನೆ.

ಒಂದು ತಿಂಗಳ ಮೇಲೆ ಸಾಸವಡಕ್ಕೆ ಹೊರಟಿದ್ದೆವು. ದಿವೆ ಘಾಟಿನಲ್ಲಿ ಮಸ್ತಾನಿ ಕೆರೆ ಕಾಣುವ ತಿರುವು ದಾಟಿದ ಮೇಲೆ ಎಂಜಿನ್ನು ಒದರುತ್ತಿದೆ, ಗಾಡಿ ಮಾತ್ರ ಏರುತ್ತಿಲ್ಲ. ಸುಟ್ಟ ವಾಸನೆ. ಹಿಂದಿನ ಬಸ್ಸಿನವನ ಹಾರ್ನು. ಬದಿಗೆ ನಿಲ್ಲಿಸಿದೆ. ನ್ಯೂಟ್ರಲ್ಲಿನಲ್ಲಿ ಪೆಡಲ್ ಮುಟ್ಟದಿದ್ದರೂ ಒಳಗಿಂದ ಸುಯ್ಯ್ ಅಂತ ಸದ್ದು. ಅರ್ಧ ಗಂಟೆ ಆರಲು ಬಿಟ್ಟು, ಗಾಡಿ ತಿರುಗಿಸಿ, ಇಳಿಜಾರಿನಲ್ಲಿ ದೇವರನ್ನು ನೆನೆಯುತ್ತಾ ಮನೆಗೆ ಬಂದೆವು.

ಆ ವಾರ ಕನ್ನಡ ಸಂಘದ ಕಾರ್ಯಕ್ರಮವೊಂದಕ್ಕೆ ಹೋಗಿದ್ದೆ. ಊಟದ ಸಾಲಿನಲ್ಲಿ ನಿಂತು ಇದೇ ಗೋಳು ತೋಡಿಕೊಂಡೆ. ಹಿಂದೆ ನಿಂತಿದ್ದ ಸೊಲ್ಲಾಪುರದ ಹಿರಿಯರೊಬ್ಬರು, "ಭವಾನಿ ಪೇಠಿಗೆ ಹೋಗ್ರಿ, ಟಿಂಬರ್ ಮಾರ್ಕೆಟ್ ಹಿಂದ. ನಮ್ಮ ಅಕ್ಕಲಕೋಟದ ಮಿಸ್ತ್ರಿ ಅದಾರ" ಅಂದರು. ಬೋರ್ಡು ಇಲ್ಲ, ಹೊರಗೆ ಒಂದು ಜೀಪಿನ ಮುಖ ಗೋಡೆಗೆ ಒರಗಿಸಿಟ್ಟಿರುತ್ತದೆ, ಅದೇ ಗುರುತು.

ನಿಜಕ್ಕೂ ಅದೊಂದೇ ಗುರುತು. ಒಳಗೆ ಒಂದೂವರೆ ಗಾಡಿ ಹಿಡಿಯುವಷ್ಟು ಜಾಗ. ಉಳಿದ ಗಾಡಿಗಳು ಓಣಿಯಲ್ಲೇ, ಮರದ ದಿಮ್ಮಿ ಹೊತ್ತ ಕೈಗಾಡಿಗಳಿಗೆ ಅಡ್ಡ. ನೆಲ ಎಣ್ಣೆ ಕುಡಿದು ಕಪ್ಪಾಗಿದೆ. ಆದರೆ ಗೋಡೆಯ ಮೇಲೆ ಪಾನಾಗಳನ್ನು, ಅಂದರೆ ಸ್ಪ್ಯಾನರುಗಳನ್ನು, ಎರಡು ಸಾಲಿನಲ್ಲಿ ತೂಗುಹಾಕಿದ್ದಾರೆ, ಮೇಲೆ ಮಿಲಿಮೀಟರಿನವು, ಕೆಳಗೆ ಇಂಚಿನವು. ನಾನು ಅರ್ಧ ನಂಬಿದ್ದು ಅಲ್ಲೇ. ಈ ಗಾಡಿಯ ನಟ್ಟು ಬೋಲ್ಟು ಎಲ್ಲ ಇಂಚಿನ ಲೆಕ್ಕ. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಪಾನಾ ಹಾಕಿದರೆ ಕೂತ ಹಾಗೆ ಕಾಣುತ್ತದೆ, ಜೋರು ಮಾಡಿದಾಗ ಜಾರಿ ಮೂಲೆ ಸವೆಯುತ್ತದೆ. ನನ್ನ ರಾಡಿನ ನಟ್ಟಿಗೆ ಆಗಿದ್ದು ಅದೇ. ಮಿಸ್ತ್ರಿ ಕಾಕಾ ಅದನ್ನು ಬೆರಳಿನಿಂದ ಸವರಿ, "ಯಾವ ಪುಣ್ಯಾತ್ಮ ಇದನ್ನ ಲಾಡು ಮಾಡ್ಯಾನ?" ಅಂದರು.

ಕಾಕಾ ಅಂತ ಎಲ್ಲರೂ ಕರೆಯುತ್ತಾರೆ, ನಾನೂ ಕರೆದೆ. ಅರವತ್ತೈದರ ಮೇಲಿರಬೇಕು. ಕೀಲಿ ಯಾರ ಕೈಯಲ್ಲಿದೆ ಅಂತ ನೋಡಿ ನನ್ನ ಜೊತೆಗೇ ಮಾತು ಶುರು ಮಾಡಿದರು. ಸಣ್ಣ ವಿಷಯ ಅನಿಸಬಹುದು. ಮೂವತ್ತು ವರ್ಷದಿಂದ ಗ್ಯಾರೇಜುಗಳಿಗೆ ಹೋಗುತ್ತಿರುವ ಹೆಂಗಸರನ್ನು ಕೇಳಿ ನೋಡಿ.

ಅವರು ಮೊದಲು ಮಾಡಿದ ಕೆಲಸ ನನಗೆ ತುಂಬಾ ಹಿಡಿಸಿತು. ನನ್ನನ್ನು ಒಳಗೆ ಕೂರಿಸಿ, "ಅಕ್ಕಾರ, ಕಾಲಿಲೆ ಬ್ಯಾಡ್ರಿ, ಕೈಲೆ ಒತ್ರಿ. ಸಾವಕಾಶ" ಅಂದರು. ತಾವು ಟಾರ್ಚು ಹಿಡಿದು ಕೆಳಗೆ ಮಲಗಿದರು. ಕಾಲಿಗೆ ಗೊತ್ತಾಗದ ಸಂಗತಿ ಕೈಗೆ ಗೊತ್ತಾಗುತ್ತದೆ. ಸರಿಯಾದ ಕ್ಲಚ್ಚಿನಲ್ಲಿ ಮೊದಲು ಸ್ವಲ್ಪ ದೂರ ಪೆಡಲ್ಲು ಹಗುರವಾಗಿ ಬರುತ್ತದೆ, ಆಮೇಲೆ ಕ್ಲಚ್ ಪ್ಲೇಟನ್ನು ಎಂಜಿನ್ನಿಗೆ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಭಾರ ಕೈಗೆ ಸಿಗುತ್ತದೆ. ಆ ಹಗುರವಾದ ದೂರಕ್ಕೇ ಫ್ರೀ ಪ್ಲೇ ಅನ್ನುವುದು. ಈ ಗಾಡಿಗೆ ಸುಮಾರು ಒಂದು ಇಂಚು ಇರಬೇಕು. ನನ್ನದರಲ್ಲಿ ಸೊನ್ನೆ. ಮುಟ್ಟಿದ ತಕ್ಷಣ ಭಾರ.

ಆ ಒಂದು ಇಂಚು ಯಾಕೆ ಅಂತ ಕಾಕಾ ಚಹಾ ಕುಡಿಯುತ್ತಾ ಹೇಳಿದರು. ಪೆಡಲ್ಲಿನ ಒಂದು ಇಂಚು ಅಂದರೆ ಒಳಗೆ, ರಿಲೀಸ್ ಬೇರಿಂಗಿಗೂ ಪ್ರೆಷರ್ ಪ್ಲೇಟಿನ ಬೆರಳುಗಳಿಗೂ ನಡುವೆ, ಹೆಚ್ಚೆಂದರೆ ಒಂದೂವರೆ ಮಿಲಿಮೀಟರಿನ ಸಂದು. ಪೆಡಲ್ ಒತ್ತಿದಾಗ ಈ ಬೇರಿಂಗು ಹೋಗಿ ಬೆರಳುಗಳನ್ನು ತಳ್ಳಿ ಕ್ಲಚ್ಚು ಬಿಡಿಸುತ್ತದೆ. ಕಾಲು ತೆಗೆದಾಗ ಬೇರಿಂಗು ಬೆರಳುಗಳನ್ನು ಬಿಟ್ಟು ದೂರ ನಿಂತು ಸುಮ್ಮನಿರಬೇಕು. ಆ ಸಂದು ತೆಗೆದುಬಿಟ್ಟರೆ ಎಂಜಿನ್ನು ತಿರುಗುವಷ್ಟು ಹೊತ್ತೂ ಬೇರಿಂಗು ತಿರುಗುತ್ತದೆ. ಅದೇ ಸುಯ್ಯ್ ಸದ್ದು. ಇನ್ನೊಂದು ಮಾತು, ಕ್ಲಚ್ ಪ್ಲೇಟು ಸವೆದಂತೆ ಬೆರಳುಗಳು ಬೇರಿಂಗಿನ ಕಡೆಗೆ ಸರಿದು ಬರುತ್ತವೆ. ಅಂದರೆ ಸಂದು ತಾನಾಗಿಯೇ ಕಡಿಮೆಯಾಗುತ್ತಾ ಹೋಗುತ್ತದೆ. ಮೊದಲೇ ಸೊನ್ನೆ ಇಟ್ಟರೆ ಪ್ಲೇಟು ಸವೆದ ಮೇಲೆ ಏನಾಗಬೇಕು? ನೀವು ಪೆಡಲ್ ಮುಟ್ಟದೆಯೇ ಕ್ಲಚ್ಚು ಅರ್ಧ ಒತ್ತಿದ ಹಾಗೆ. ಘಾಟಿನಲ್ಲಿ ಜಾರದೆ ಇನ್ನೇನು ಮಾಡೀತು?

ಹಾಗಾದರೆ ನಟ್ಟು ಸಡಿಲ ಮಾಡಿ ಒಂದು ಇಂಚು ಬಿಟ್ಟರೆ ಮುಗಿಯಿತಲ್ಲ ಅಂದೆ. ಕಾಕಾ ನಕ್ಕರು. "ಮಾಡಿ ತೋರಸ್ತೀನಿ" ಅಂದರು. ಬೇರಿಂಗಿನ ಹತ್ತಿರ ಸರಿಯಾದ ಸಂದು ಬರುವವರೆಗೆ ನಟ್ಟು ತಿರುಗಿಸಿ, ಪೆಡಲ್ಲಿನ ಪಕ್ಕ ಸ್ಟೀಲಿನ ಸ್ಕೇಲು ಹಿಡಿಯಲು ಹುಡುಗನಿಗೆ ಹೇಳಿದರು. ಕೈಯಿಂದ ಒತ್ತಿದೆ. ಒಂದು ಇಂಚು ಹೋಯಿತು, ಎರಡು ಹೋಯಿತು, ಎರಡೂವರೆಯಲ್ಲಿ ಭಾರ ಸಿಕ್ಕಿತು. ಪೆಡಲ್ಲು ನೆಲ ಮುಟ್ಟಿದರೂ ಬೇರಿಂಗನ್ನು ತಳ್ಳುವ ಫೋರ್ಕು ಅರ್ಧ ದಾರಿಯಲ್ಲೇ ನಿಂತಿತ್ತು. ಗೇರ್ ಹಾಕಿದರೆ ಅದೇ ಕರ್ರ್.

ಬಿಗಿ ಮಾಡಿದರೆ ಜಾರುತ್ತದೆ, ಸಡಿಲ ಬಿಟ್ಟರೆ ಗೇರ್ ಬೀಳುವುದಿಲ್ಲ. ಅಂದರೆ ತಪ್ಪು ನಟ್ಟಿನದಲ್ಲ. ನಡುವೆ ಒಂದೂವರೆ ಇಂಚು ಎಲ್ಲೋ ಸೋರಿಹೋಗುತ್ತಿದೆ.

ಎಲ್ಲಿ ಅಂತ ಟಾರ್ಚ್ ಹಿಡಿದು ತೋರಿಸಿದರು. ನಾನೂ ಗೋಣಿ ಚೀಲದ ಮೇಲೆ ಮಲಗಿ ನೋಡಿದೆ, ಸೀರೆ ಅಲ್ಲ, ಹಳೇ ಚೂಡಿದಾರ, ಅದಕ್ಕೆ ಅಂತಲೇ ಹಾಕಿಕೊಂಡು ಹೋಗಿದ್ದೆ. ಈ ಗಾಡಿಯಲ್ಲಿ ಪೆಡಲ್ಲು ನೆಲದ ತಗಡು ತೂರಿಕೊಂಡು ಕೆಳಗೆ ಇಳಿಯುತ್ತದೆ. ಅಲ್ಲಿಂದ ಒಂದು ಕೊಂಡಿ, ಚಾಸಿಗೂ ಗೇರ್ ಬಾಕ್ಸಿನ ಮುಂದೆ ಕ್ಲಚ್ಚನ್ನು ಮುಚ್ಚಿರುವ ಗಂಟೆಯಾಕಾರದ ಕವಚಕ್ಕೂ ನಡುವೆ ಒಂದು ಅಡ್ಡ ಪೈಪು, ಅದರ ಎರಡೂ ತುದಿಗೆ ಗುಂಡು, ಆಮೇಲೆ ರಾಡು, ಆಮೇಲೆ ಫೋರ್ಕು. ಪ್ರತಿ ಕೂಡಿಕೆಯಲ್ಲೂ ಒಂದೊಂದು ಪಿನ್ನು. ಎಪ್ಪತ್ತು ವರ್ಷದ ಕೆಸರು, ಮಳೆ ನೀರು ಎಲ್ಲ ಬೀಳುವುದು ಇದರ ಮೇಲೆಯೇ. ಪಿನ್ನಿನ ತೂತುಗಳು ದುಂಡಗೆ ಉಳಿದಿಲ್ಲ, ಹುಣಸೆ ಬೀಜದ ಹಾಗೆ ಉದ್ದವಾಗಿವೆ. ಪೆಡಲ್ ಶಾಫ್ಟಿನ ಬುಶ್ಶು, ಅಂದರೆ ಒಳಗಿನ ಬಳೆ, ಸವೆದು ಪೆಡಲ್ಲು ಪಕ್ಕಕ್ಕೂ ಅಲ್ಲಾಡುತ್ತದೆ. ಅಡ್ಡ ಪೈಪಿನ ಗುಂಡು ಒಣಗಿ ತುಕ್ಕು ಹಿಡಿದಿದೆ, ಗ್ರೀಸ್ ನಿಪ್ಪಲ್ಲು ಮಣ್ಣಿನಿಂದ ಮುಚ್ಚಿಹೋಗಿದೆ. ನನ್ನ ಮಂಡಿ ಎತ್ತುತ್ತಿದ್ದ ಭಾರದಲ್ಲಿ ಅರ್ಧ ಈ ತುಕ್ಕಿನದು. ಫೋರ್ಕನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಇರಬೇಕಾದಲ್ಲಿ ಸೈಕಲ್ ಟ್ಯೂಬಿನ ರಬ್ಬರು ಕಟ್ಟಿತ್ತು. ಅದು ನಮ್ಮ 600 ರೂಪಾಯಿಯವನ ಕೈಚಳಕವೋ ನಿಪ್ಪಾಣಿಯ ಕಾಲದ್ದೋ ಹೇಳಲಾರೆ. ನಮ್ಮ ಅಪ್ಪನೂ ಆ ವಿಷಯದಲ್ಲಿ ಸಾಚಾ ಆಗಿರಲಿಲ್ಲ.

ಎಲ್ಲ ಹೇಳಿದ ಮೇಲೆ ಕಾಕಾ ಖರ್ಚು ಹೇಳಿದರು, ದಿನ ಹೇಳಿದರು. ಖರ್ಚು ಹೇಳಿದಷ್ಟೇ ಆಯಿತು. ದಿನದ ಮಾತು ಕೇಳಬೇಡಿ. ಎರಡು ದಿನ ಅಂದಿದ್ದು ಒಂಬತ್ತು ದಿನವಾಯಿತು. ಬುಧವಾರ ಗೇರ್ ಬಾಕ್ಸು, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸು ಎರಡೂ ಇಳಿಸಿದರು, ಬೇರಿಂಗು ಬದಲಿಸಲು ಬೇರೆ ದಾರಿಯಿಲ್ಲ. ಪಿನ್ನು ತೂತುಗಳ ಕೆಲಸಕ್ಕೆ ಸಾಮಾನು ಭೋಸರಿಯ ಲೇಥಿಗೆ ಹೋಗಬೇಕಿತ್ತು. ಮಾರನೆಯ ದಿನ ಗುರುವಾರ. ಭೋಸರಿಯಲ್ಲಿ ಗುರುವಾರ ರಜೆ ಅಂತ ಪುಣೆಯ ಮಗುವಿಗೂ ಗೊತ್ತು, ಕಾಕಾಗೆ ಗೊತ್ತಿರಲಿಲ್ಲವೇ? ಶುಕ್ರವಾರ ಲೇಥಿನವನು ಯಾವುದೋ ಮದುವೆಗೆ ಹೋಗಿದ್ದ. ನಾನು ಫೋನ್ ಮಾಡಿದರೆ ಹುಡುಗ ಎತ್ತುತ್ತಿದ್ದ, "ಕಾಕಾ ಊಟಕ್ಕೆ ಹೋಗ್ಯಾರ." ಹನ್ನೊಂದಕ್ಕೂ ಊಟ, ಐದಕ್ಕೂ ಊಟ.

ಕೆಲಸ ಮಾತ್ರ ನೋಡಬೇಕಾದ್ದು. ಉದ್ದವಾದ ತೂತುಗಳನ್ನು ಸುಮ್ನೆ ವೆಲ್ಡಿಂಗ್ ತುಂಬಿ ಬಿಡಲಿಲ್ಲ. ದೊಡ್ಡದಾಗಿ, ದುಂಡಗೆ ಕೊರೆಸಿ, ಒಳಗೆ ಬುಶ್ಶು ಹಾಕಿಸಿ, ಹೊಸ ಪಿನ್ನು ಕೂರಿಸಿದರು. ಇನ್ನು ಸವೆದರೆ ಬುಶ್ಶು ಸವೆಯುತ್ತದೆ, ಕೊಂಡಿ ಉಳಿಯುತ್ತದೆ. ಪೆಡಲ್ ಶಾಫ್ಟಿಗೆ ಗನ್ ಮೆಟಲ್ ಬುಶ್ಶು. ಸ್ಪ್ರಿಂಗನ್ನು ಕಾಕಾ ಭಾನುವಾರದ ಜುನಾ ಬಜಾರಿನಲ್ಲಿ, ಅಂದರೆ ಹಳೇ ಸಾಮಾನಿನ ಸಂತೆಯಲ್ಲಿ, 40 ರೂಪಾಯಿಗೆ ತಂದರು. ತೋರಿಸುವಾಗ ಅವರ ಮುಖ ನೋಡಬೇಕಿತ್ತು, ಮಗನಿಗೆ ಹೆಣ್ಣು ನಿಶ್ಚಯ ಮಾಡಿಕೊಂಡು ಬಂದವರ ಹಾಗಿತ್ತು.

ಹೊಸ ಬೇರಿಂಗು ಬಂದಾಗ ಹುಡುಗ ಅಭ್ಯಾಸಬಲದಿಂದ ಅದನ್ನು ಸೀಮೆಎಣ್ಣೆಯ ಡಬ್ಬಿಗೆ ಹಾಕಲು ಹೊರಟ. ಕಾಕಾ ಕೂಗಿದ ಕೂಗಿಗೆ ಎದುರಿನ ಮರದ ಅಂಗಡಿಯವನು ಹೊರಗೆ ಬಂದ. ಈ ಬೇರಿಂಗಿನ ಗ್ರೀಸು ಕಂಪನಿಯಲ್ಲೇ ತುಂಬಿ ಮುಚ್ಚಿರುತ್ತಾರೆ. ಸೀಮೆಎಣ್ಣೆಯಲ್ಲಿ ತೊಳೆದರೆ ಗ್ರೀಸು ಕರಗಿ ಹೋಗುತ್ತದೆ, ಮತ್ತೆ ತುಂಬಲು ಆಗುವುದಿಲ್ಲ. ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕ್ಲಚ್ ಪ್ಲೇಟು ಹೊಸದು ಹಾಕಿಸಿ ಅನ್ನುತ್ತಾರೆ ಅಂದುಕೊಂಡಿದ್ದೆ. ಹಾಕಿಸಲು ತಯಾರಾಗಿಯೂ ಇದ್ದೆ. ಕಾಕಾ ಪ್ಲೇಟನ್ನು ಬಿಸಿಲಿಗೆ ಹಿಡಿದು ರಿವೆಟ್ಟು ತೋರಿಸಿದರು. ತಲೆಗಳು ಇನ್ನೂ ಒಳಗೆ ಆಳದಲ್ಲಿವೆ, ಅಂದರೆ ಪ್ಲೇಟು ಇನ್ನೂ ಪೂರ್ತಿ ಸವೆದಿಲ್ಲ. ಮೇಲ್ಮೈ ಸ್ವಲ್ಪ ಗಾಜಿನ ಹಾಗೆ ಹೊಳೆಯುತ್ತಿದೆ, ಅಷ್ಟೇ. "ಎರಡು ವರ್ಷ ನಡೀತೈತ್ರಿ. ರೊಕ್ಕ ಇಟ್ಕೋರಿ" ಅಂದರು.

ಒಂದು ದೂರು ಇಲ್ಲೇ ಬರೆಯುತ್ತೇನೆ. ಆ ಪ್ಲೇಟಿನ ಪುಡಿಯನ್ನು ಹುಡುಗ ಗಾಳಿ ಪೈಪಿನಲ್ಲಿ ಊದಿ ತೆಗೆದ. ಹಳೆಯ ಕ್ಲಚ್ಚು, ಬ್ರೇಕು ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದರ ಪುಡಿ ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಹೇಳಿದೆ. ಹುಡುಗ ನಕ್ಕ, ಕಾಕಾ ನಗಲಿಲ್ಲ. ಮಾರನೆಯ ದಿನ ಗಾಳಿ ಪೈಪಿನ ಪಕ್ಕದ ಮೊಳೆಗೆ ಒಂದು ಹಳೆಯ ಪಂಚೆಯ ತುಂಡು, ಕೆಳಗೆ ನೀರಿನ ಡಬ್ಬಿ ಬಂದಿತ್ತು. ಬಳಸುತ್ತಾರೋ ಇಲ್ಲವೋ, ನೀವು ಹೋದಾಗ ನೋಡಿ.

ಬಿಲ್ಲು ಸಿಗುವುದಿಲ್ಲ. ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದು ಕೊಟ್ಟರು. ಮಜೂರಿ 6,500, ಲೇಥು 1,800, ಬೇರಿಂಗು 950, ಸ್ಪ್ರಿಂಗು 40. ಒಟ್ಟು 9,290. ಅವರು 9,200 ತೆಗೆದುಕೊಂಡರು. ಸೈಕಲ್ ಟ್ಯೂಬಿನ ರಬ್ಬರನ್ನೂ ಸೇರಿಸಿ ಹಳೆಯ ಸಾಮಾನೆಲ್ಲ ಒಂದು ಚೀಲದಲ್ಲಿ ಹಾಕಿ ವಾಪಸ್ ಕೊಟ್ಟರು. ಕಾರ್ಡು ನಡೆಯುವುದಿಲ್ಲ. ಫೋನಿನಲ್ಲಿ ಹಾಕುವ ದುಡ್ಡು ಹುಡುಗನ ಖಾತೆಗೆ ಹೋಗುತ್ತದೆ, ಅದಕ್ಕೆ ಕಾಕಾ ನಗದು ಇಷ್ಟಪಡುತ್ತಾರೆ. ಕೂರಲು ಜಾಗವಿಲ್ಲ. ಹೆಂಗಸರಿಗೆ ಬಾತ್‌ರೂಮಿನ ಮಾತಂತೂ ಇಲ್ಲವೇ ಇಲ್ಲ, ಓಣಿಯ ಮೂಲೆಯ ಅಮೃತತುಲ್ಯ ಚಹಾದಂಗಡಿಯವರ ದಯೆಯೇ ಗತಿ.

ಕೊನೆಯ ದಿನ ಅಡ್ಜಸ್ಟ್ ಮಾಡಿದ್ದು ನಾನು. ಕಾಕಾ ಮಾಡಿಸಿದರು ಅನ್ನಬೇಕು. ಎರಡು ಅರ್ಧ ಇಂಚಿನ ಪಾನಾ ಕೊಟ್ಟು, ಒಂದರಲ್ಲಿ ಲಾಕ್ ನಟ್ ಸಡಿಲಿಸಿ, ಇನ್ನೊಂದರಲ್ಲಿ ಹೊಂದಿಸುವ ನಟ್ಟನ್ನು ಅರ್ಧರ್ಧ ಸುತ್ತು ತಿರುಗಿಸಿ, ಪ್ರತಿ ಸಲವೂ ಮೇಲೆದ್ದು ಪೆಡಲ್ಲಿನ ಹತ್ತಿರ ಸ್ಕೇಲಿಟ್ಟು ನೋಡಲು ಹೇಳಿದರು. ನಾಲ್ಕನೆಯ ಸಲಕ್ಕೆ ಸರಿಯಾಗಿ ಒಂದು ಇಂಚು ಬಂತು. ಲಾಕ್ ನಟ್ ಬಿಗಿ ಮಾಡುವಾಗ ಹೊಂದಿಸಿದ ನಟ್ಟನ್ನು ಇನ್ನೊಂದು ಪಾನಾದಲ್ಲಿ ಹಿಡಿದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಎರಡೂ ಕೂಡಿ ತಿರುಗಿ ಮಾಡಿದ್ದೆಲ್ಲ ಹಾಳು. ನಾನು ಮೊದಲ ಸಲ ಹಾಳು ಮಾಡಿದೆ. ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಬೇಕು. ಇಷ್ಟೇ ಕೆಲಸ, ಹತ್ತು ನಿಮಿಷದ್ದು. ಆ ಹತ್ತು ನಿಮಿಷಕ್ಕೆ ಬೆಲೆ ಬರಲು ಹಿಂದೆ ಒಂಬತ್ತು ದಿನ ಬೇಕಾಯಿತು ಅಂತ ಈಗ ಸಿಟ್ಟಿಲ್ಲದೆ ಹೇಳಬಲ್ಲೆ.

ಫಸ್ಟ್ ಗೇರಿನ ಬಗ್ಗೆ ಕಾಕಾ ಇನ್ನೊಂದು ಮಾತು ಹೇಳಿದರು. ಈ ಗೇರ್ ಬಾಕ್ಸಿನಲ್ಲಿ ಎರಡು, ಮೂರಕ್ಕೆ ಮಾತ್ರ ಸಿಂಕ್ರೋ, ಅಂದರೆ ಗೇರು ಕೂಡುವ ಮೊದಲು ಎರಡೂ ಕಡೆಯ ವೇಗ ಸಮ ಮಾಡುವ ಸಾಮಾನು, ಇದೆ. ಫಸ್ಟಿಗೆ ಇಲ್ಲ. ಗಾಡಿ ಉರುಳುತ್ತಿರುವಾಗ ಫಸ್ಟ್ ಹಾಕಿದರೆ ಕ್ಲಚ್ಚು ಎಷ್ಟೇ ಸರಿಯಿದ್ದರೂ ಕರ್ರ್ ಅನ್ನುತ್ತದೆ. ಪೂರ್ತಿ ನಿಲ್ಲಿಸಿ, ಪೆಡಲ್ ಒತ್ತಿ, ಒಂದೆರಡು ಸೆಕೆಂಡು ಬಿಟ್ಟು ಹಾಕಬೇಕು. ಅಪ್ಪ ಹಾಗೇ ಮಾಡುತ್ತಿದ್ದರು. ಪೆಡಲ್ ಒತ್ತಿ, ಒಂದು ಸಲ ಕೆಮ್ಮಿ, ಆಮೇಲೆ ಗೇರು. ಅದು ತಂಬಾಕಿನ ಕೆಮ್ಮು ಅಂತಲೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಮೊದಲ ಭಾನುವಾರ ಮತ್ತೆ ದಿವೆ ಘಾಟಿಗೆ ಹೋದೆವು. ಅದೇ ತಿರುವಿನಲ್ಲಿ ಬೇಕಂತಲೇ ನಿಲ್ಲಿಸಿ, ಏರಿನಲ್ಲೇ ಫಸ್ಟ್ ಹಾಕಿ ಎತ್ತಿದೆ. ಜಾರಲಿಲ್ಲ, ವಾಸನೆ ಇಲ್ಲ. ಸಾಸವಡದಲ್ಲಿ ಅಂಜೂರ ಕೊಂಡು ಬಂದೆವು. ಪೆಡಲ್ಲು ಈಗ ಹೊಸ ಕಾರಿನಷ್ಟು ಹಗುರವೇನೂ ಅಲ್ಲ, ಆದರೆ ಮಂಡಿ ರಾತ್ರಿ ಮಲಗಲು ಬಿಡುತ್ತದೆ. 500 ಕಿಲೋಮೀಟರ್ ಆದ ಮೇಲೆ ಅಳೆದಾಗ ಒಂದು ಇಂಚು ಮುಕ್ಕಾಲಕ್ಕೆ ಇಳಿದಿತ್ತು, ಕಾಕಾ ಹೇಳಿದ ಹಾಗೇ. ಮನೆ ಅಂಗಳದಲ್ಲೇ ನಾನೇ ಸರಿ ಮಾಡಿಕೊಂಡೆ. ಗಂಡ ಸ್ಕೇಲು ಹಿಡಿದಿದ್ದರು.

ಹಳೆಯ ಜೀಪು, ಪಿಕಪ್ ಇರುವವರು ಕಣ್ಣು ಮುಚ್ಚಿ ಹೋಗಬಹುದು. ಹೊಸ ಕಾರಿನವರು ಹೋಗಬೇಡಿ, ಕಂಪ್ಯೂಟರ್ ಹಚ್ಚುವ ಗಾಡಿಯನ್ನು ಕಾಕಾ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅವಸರ ಇದ್ದವರೂ ಬೇಡ. ಕೆಲಸ ಕೊಡುವುದಾದರೆ ಶುಕ್ರವಾರ ಕೊಡಿ, ಲೇಥಿನ ಗುರುವಾರ ತಪ್ಪುತ್ತದೆ. ಬುಧವಾರ, ಭಾನುವಾರ ಬೆಳಿಗ್ಗೆ ಹೋದರೆ ಕಾಕಾ ಸಿಗುವುದಿಲ್ಲ. ಹುಡುಗ ಊಟಕ್ಕೆ ಹೋಗ್ಯಾರ ಅನ್ನುತ್ತಾನೆ. ಜುನಾ ಬಜಾರಿನಲ್ಲಿ, ಹಳೇ ಕಬ್ಬಿಣದ ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿರುತ್ತಾರೆ, ಅಲ್ಲಿಗೇ ಹೋಗಿ.